ಹಿಂದಿನ ತಗಡಿನ ಮೇಲೆ ನಜೀಬ

ಚಾಂದಸಾಬರ ಶೆಡ್ಡಿನಿಂದ ಯಾವ ಟ್ರಾಲಿಯೂ ಹಿಂದಿನ ತಗಡು ಖಾಲಿ ಇಟ್ಟುಕೊಂಡು ಹೊರಬಿದ್ದದ್ದಿಲ್ಲ. ಚಕ್ರ ಕೂಡಿಸಿ, ಬಣ್ಣ ಹೊಡೆದು, ನಿಂಬೆಹಣ್ಣು ಕಟ್ಟುವ ಮುಂಚೆ ಮಾಲೀಕರು ತಮ್ಮ ಮನೆಯ ಮಕ್ಕಳ ಹೆಸರು ಹೇಳಬೇಕು. ಪೇಂಟರ್ ಅಯ್ಯಪ್ಪ ಅವನ್ನು ಹಳದಿ ಬಣ್ಣದಲ್ಲಿ, ಕೆಂಪು ನೆರಳು ಕೊಟ್ಟು ಬರೆಯಬೇಕು. ಸುಗ್ಗಿಯ ದಿನಗಳಲ್ಲಿ ಗಂಗಾವತಿಯ ರಸ್ತೆಗಳಲ್ಲಿ ಭತ್ತದ ಟ್ರಾಲಿಗಳ ಹಿಂದೆ ಸಿಕ್ಕಿಬಿದ್ದವರಿಗೆ ಸುತ್ತಲಿನ ಹಳ್ಳಿಗಳ ಮಕ್ಕಳ ಹೆಸರೆಲ್ಲ ಬಾಯಿಪಾಠವಾಗುತ್ತಿದ್ದವು.

ಬರೆಯಿಸುವುದಕ್ಕೆ ಪದ್ಧತಿ ಇದ್ದಂತೆ ಅಳಿಸುವುದಕ್ಕೂ ಒಂದಿತ್ತು. ಹೆಸರಿನ ಮಗು ತೀರಿಹೋದರೆ ಟ್ರಾಲಿಯನ್ನು ಮಾಡಿದವನ ಹತ್ತಿರವೇ ತಂದು ಆ ಹೆಸರನ್ನು ಕೆರೆಸುತ್ತಿದ್ದರು. ಹೆತ್ತವಳು ರಸ್ತೆಯಲ್ಲಿ ಎಲ್ಲೋ ನಿಂತಾಗ ಅದು ಅವಳ ಕಣ್ಣಿಗೆ ಬೀಳಬಾರದು. ಯಲಬುರ್ಗಾ ಕಡೆಯ ಒಬ್ಬ ಹಾಗೆ ತನ್ನ ಟ್ರಾಲಿ ತಂದು ನಿಲ್ಲಿಸಿ, ಸಾಲಿನಲ್ಲಿದ್ದ ಒಂದು ಹೆಸರಿನ ಮೇಲೆ ಬೆರಳಿಟ್ಟಿದ್ದ. ಚಾಂದಸಾಬರು ಗ್ರೈಂಡರ್ ಹಿಡಿದು ಅದನ್ನು ಕೆರೆದರು. ಅಂದು ಮನೆಗೆ ಬಂದು ಊಟಕ್ಕೆ ಕುಳಿತವರು ರೊಟ್ಟಿ ಮುರಿದು ಹಾಗೇ ಇಟ್ಟು ಎದ್ದಿದ್ದರು. ಆ ಹೊತ್ತಿಗೆ ಅವರ ಮಗ ನಜೀಬ ಗೋಡೆ ಹಿಡಿಯದೆ ನಡೆಯಲಾರದವನಾಗಿದ್ದ.

ಮನೆ ಮತ್ತು ಶೆಡ್ಡಿನ ನಡುವೆ ಒಂದು ಬಾಗಿಲು, ಬಾಗಿಲಿಗೆ ಒಂದು ಪರದೆ. ಪರದೆಯ ಈಚೆ ಶಮೀನಾಳ ಲೋಕ. ಅವಳು ಬಿ.ಎ. ಮುಗಿಸಿದವಳು, ಕಾಲೇಜಿನ ಮೂರು ವರ್ಷವೂ ಹಾಜರಿ ಕರೆದಾಗ ಬಿಟ್ಟರೆ ಬೇರೆ ಮಾತಾಡಿದವಳಲ್ಲ. ಶೆಡ್ಡಿಗೆ ಚಹಾ ಕೊಡುವಾಗ ಪರದೆಯ ಸಂದಿಯಿಂದ ತಟ್ಟೆ ಚಾಚಿ ಬಳೆ ಸದ್ದು ಮಾಡುತ್ತಿದ್ದಳು. ವೆಲ್ಡಿಂಗ್ ಹುಡುಗರು, "ಬಳಿ ಬಂದೂವು, ಚಾ ತಗೋರಿ" ಎಂದು ನಗುತ್ತಿದ್ದರು. ಅವಳಿಗೆ ಮನಬಿಚ್ಚಿ ಮಾತಾಡಲು ಇದ್ದವನು ತಮ್ಮನೊಬ್ಬನೇ.

ನಜೀಬನಿಗೆ ಮಾಂಸಖಂಡಗಳು ಸವೆಯುವ ರೋಗ. ಎಂಟನೆಯ ವಯಸ್ಸಿನಲ್ಲಿ ಶಾಲೆಯ ಮೆಟ್ಟಿಲ ಮೇಲೆ ಬಿದ್ದದ್ದು ಮೊದಲು. ಆಮೇಲೆ ಬೀಳುವುದೇ ರೂಢಿಯಾಯಿತು. ಕೊನೆಗೆ ಬೀಳುವುದಕ್ಕೂ ನಿಲ್ಲಬೇಕಲ್ಲ, ಅದೂ ತಪ್ಪಿತು. ಈಗ ಇಪ್ಪತ್ತೆರಡು ತುಂಬಿ, ಗಾಲಿಕುರ್ಚಿಯಲ್ಲಿ ಶೆಡ್ಡಿನ ಮೂಲೆಗೆ ಕುಳಿತು, ತೊಡೆಯ ಮೇಲೆ ಫೋನಿಟ್ಟುಕೊಂಡು ಒಂದೇ ಸಂಗತಿ ಓದುತ್ತಿದ್ದ: ಇಟಲಿಯ ಫೆರಾರಿ ಕಾರುಗಳು.

ಅವನಿಗೆ ಅವು ಕಾರುಗಳಾಗಿರಲಿಲ್ಲ, ನೆಂಟರಾಗಿದ್ದವು. ಯುದ್ಧ ಮುಗಿದ ಮೇಲೆ, ನಲವತ್ತೇಳನೆಯ ಇಸವಿಯಲ್ಲಿ, ಹನ್ನೆರಡು ಸಿಲಿಂಡರಿನ ಪುಟ್ಟ ಎಂಜಿನ್ ಹೊತ್ತು ಹೊರಬಿದ್ದ ಮೊದಲನೆಯದು. ಎಂಜಿನ್ನಿನ ತಲೆಗೆ ಕೆಂಪು ಬಳಿದುಕೊಂಡದ್ದಕ್ಕೆ 'ಟೆಸ್ಟರೋಸ್ಸಾ', ಅಂದರೆ ಕೆಂಪುತಲೆ, ಎಂದು ಹೆಸರು ಪಡೆದದ್ದು. ಕಂಪನಿಗೆ ನಲವತ್ತು ತುಂಬಿದಾಗ ಮಾಡಿದ ಎಫ್ ನಲವತ್ತು. ಮುದುಕ ಮಾಲೀಕ ಸಾಯುವ ಮುಂಚೆ ಒಪ್ಪಿಗೆ ಕೊಟ್ಟ ಕಡೆಯ ಕಾರು ಅದೇ. ಈಗ ನಾಲ್ಕು ಬಾಗಿಲಿನದೂ ಬಂದಿದೆ, ಮನೆಮಂದಿಯೆಲ್ಲ ಕೂತು ಹೋಗಬಹುದು. "ಅದು ಬಂದಮ್ಯಾಲ ಫೆರಾರಿನೂ ಮಂದಿ ತುಂಬೋ ಟಂಟಂ ಆತು ಬಿಡ ಆಪಾ" ಎಂದು ನಜೀಬ ಅಕ್ಕನ ಮುಂದೆ ಮುಖ ಸಿಂಡರಿಸುತ್ತಿದ್ದ.

ಅಪ್ಪನ ಟ್ರಾಲಿಗಳಿಗೂ ಅವನು ಅದೇ ಹೆಸರು ಹಂಚಿದ್ದ. ಎರಡು ಗಾಲಿಯ ಹಳೆಯ ನಮೂನೆಗೆ ನಲವತ್ತೇಳರ ಕಾರಿನ ಹೆಸರು. ಹೈಡ್ರಾಲಿಕ್ ಜಾಕಿನಿಂದ ತಾನೇ ಎದ್ದು ಮಾಲು ಸುರಿಯುವುದು ಎಫ್ ನಲವತ್ತು. ಮುಂದಿನ ತಗಡಿಗೆ ಕೆಂಪು ಬಳಿದದ್ದೆಲ್ಲ ಕೆಂಪುತಲೆ. ಹುಡುಗರೂ ಅದನ್ನೇ ಹಿಡಿದರು. ಗಿರಾಕಿ ಬಂದು ಕೇಳಿದರೆ, "ನಿಮ್ಮ ಫೆರಾರಿ ತಯಾರ ಐತ್ರಿ ಸಾವ್ಕಾರ, ಗ್ರೀಸ್ ಅಷ್ಟ ಹಚ್ಚೂದೈತಿ" ಎನ್ನುತ್ತಿದ್ದರು. ಸಾವ್ಕಾರನಿಗೆ ಅದು ಬೈಗಳೋ ಹೊಗಳಿಕೆಯೋ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಶಮೀನಾ ಅವನಿಗೆ ಅನ್ನ ಉಣ್ಣಿಸುತ್ತಿದ್ದಳು. ಅವನು ತುತ್ತು ಬಾಯಲ್ಲಿಟ್ಟುಕೊಂಡೇ ಅಂದ:

"ಆಪಾ, ಆ ಫೆರಾರಿ ಮುದುಕಗ ಒಬ್ಬ ಮಗ ಇದ್ದ. ಡಿನೊ. ಅವಗೂ ನಂದ ರೋಗ."

ಶಮೀನಾಳ ಕೈ ತಟ್ಟೆಯಲ್ಲೇ ನಿಂತಿತು.

"ಹಾಸಗಿ ಮ್ಯಾಲ ಮಲಕೊಂಡ, ಆರು ಸಿಲಿಂಡರಿನ ಎಂಜಿನ್ ಹೆಂಗಿರಬೇಕಂತ ಅಪ್ಪನ ಕೂಡ ಮಾತಾಡತಿದ್ನಂತ. ಇಪ್ಪತ್ನಾಕಕ್ಕ ಹೋದ. ಆಮ್ಯಾಲ ಅವರಪ್ಪ ಆ ಎಂಜಿನ್ ಮಾಡಿದ, ಅದರದ ಕಾರ ಮಾಡಿದ, ಮಗನ ಹೆಸರ ಇಟ್ಟ. ಆ ಕಾರಿಗೆ ಫೆರಾರಿಯ ಕುದರಿ ಗುರತು ಹಚ್ಚಲಿಲ್ಲ ನೋಡ. ಮಗ ಸಹಿ ಮಾಡತಿದ್ನಲ್ಲ, ಆ ನಮೂನಿ ಅಕ್ಷರ ಅಷ್ಟ ಹಚ್ಚಿದ."

"ಉಣ್ಣು ಮೊದಲ" ಎಂದಳು ಶಮೀನಾ.

"ಆ ಕುದರೀನೂ ಹಂಗ ಆಪಾ. ವಿಮಾನ ಹೊಡಿಯೋ ಒಬ್ಬ ಯುದ್ಧದಾಗ ಸತ್ತ. ಅವನ ವಿಮಾನದ ಮ್ಯಾಲ ಇತ್ತು ಆ ಕುದರಿ. ಅವರವ್ವ ಬಂದು, ನನ್ನ ಮಗನ ಕುದರಿ ನಿನ್ನ ಗಾಡಿಗೆ ಹಾಕ್ಕೋ, ಒಳ್ಳೇದಾಕ್ಕತಿ ಅಂದ್ಳಂತ. ಇಲ್ಲಿ ನಾವು ಕೆರಸತೀವಿ, ಅವರು ಬರಸತಾರ."

ಒಲೆಯ ಮುಂದೆ ಕುಳಿತಿದ್ದ ತಾಯಿ ಹಸನಬೀ ಬೆನ್ನು ಇತ್ತ ಮಾಡಿಕೊಂಡೇ, "ಎಂತೆಂಥಾ ಸುದ್ದಿ ಓದತಿಯೋ ಯಪ್ಪಾ, ಸುಮ್ನಿರು" ಎಂದಳು. ಆದರೆ ಅವಳ ಕೈಯೊಳಗಿನ ರೊಟ್ಟಿ ಆಮೇಲೆ ತಿರುಗಲಿಲ್ಲ. ಹಂಚಿನ ಮೇಲಿನದು ಸೀದುಹೋಯಿತು.

ಅಂದು ಸಂಜೆಯೇ ನಜೀಬ ತಂದೆಯನ್ನು ಕೇಳಿದ. ತನ್ನ ಹೆಸರು ಒಂದು ಟ್ರಾಲಿಯ ಹಿಂದೆ ಬೇಕು. ತನ್ನ ಕೈಬರಹದಲ್ಲೇ ಬೇಕು. ಈಗಲೇ ಬೇಕು.

"ಡಿನೊನ ಹೆಸರ ಡಿನೊ ನೋಡಲಿಲ್ಲ ಅಬ್ಬಾ. ನಾ ನೋಡಬೇಕು."

ಚಾಂದಸಾಬರು ಕೈಗವಸು ಬಿಚ್ಚಿ, ಮತ್ತೆ ಹಾಕಿಕೊಂಡು, ಮತ್ತೆ ಬಿಚ್ಚಿದರು. "ಟ್ರಾಲಿ ಗಿರಾಕೀದು ಬೇಟಾ. ಅವರ ಮಕ್ಕಳ ಹೆಸರ ಇರತೈತಿ."

"ಕೇಳಿ ನೋಡ್ರಿ. ಒಬ್ಬರರೆ ಹೂಂ ಅಂತಾರ."

"ಬ್ಯಾಡ."

"ಯಾಕ?"

ಯಾಕೆಂದು ಅವರಿಬ್ಬರಿಗೂ, ಪರದೆಯ ಹಿಂದಿದ್ದ ಶಮೀನಾಗೂ ಗೊತ್ತಿತ್ತು. ಶೆಡ್ಡಿನಲ್ಲಿ ಬರೆದ ಹೆಸರನ್ನು ಒಂದು ದಿನ ಶೆಡ್ಡಿನಲ್ಲೇ ಕೆರೆಯಬೇಕಾದೀತು. ನಜೀಬನೇ ಹೇಳಿದ: "ನೀವು ಕೆರಿಬ್ಯಾಡ್ರಿ, ಅಷ್ಟ. ನಾ ಇರಲಿ, ಇಲ್ಲದಿರಲಿ, ಅದು ತಿರಗಲಿ. ನಾ ಎಲ್ಲಿ ಹೋಗೇನಿ ಹೇಳ್ರಿ? ಹುಲಿಗಿ ನೋಡಿಲ್ಲ, ಕುಷ್ಟಗಿ ನೋಡಿಲ್ಲ. ದವಾಖಾನಿ ದಾರಿ ಒಂದು ನೋಡೇನಿ. ನಾ ಹೋಗಲಾರದ ಕಡೆ ನನ್ನ ಹೆಸರರೆ ಹೋಗ್ಲಿ."

ಮರುದಿನ ಹನುಮಸಾಗರದ ವಿರೂಪಾಕ್ಷಪ್ಪ ಬಂದ. ದೊಡ್ಡ ಮೀಸೆಯ, ದೊಡ್ಡ ದನಿಯ ರೈತ. ಅವನ ಟ್ರಾಲಿ ಇನ್ನೂ ಬಣ್ಣಕ್ಕೆ ಬರಬೇಕಿತ್ತು. ಚಾಂದಸಾಬರು ಅವನನ್ನು ಬೇವಿನ ಮರದ ಕೆಳಗೆ ಕರೆದೊಯ್ದು ಏನೋ ಹೇಳಿದರು. ಪರದೆಯ ಹಿಂದಿದ್ದ ಶಮೀನಾಗೆ ತಂದೆಯ ಮಾತು ಕೇಳಿಸಲಿಲ್ಲ. ಗಿರಾಕಿಯ ಉತ್ತರ ಇಡೀ ಓಣಿಗೆ ಕೇಳಿಸಿತು.

"ಅದಕ್ಯಾಕ ಇಷ್ಟು ಸಣ್ಣ ದನಿ ತಗದೀರಿ ಚಾಂದಸಾಬ? ಬರಸ್ರಿ! ನಮ್ಮ ಮೊಮ್ಮಕ್ಕಳು ಆಚಿಗೀಚಿಗೆ ಇರಲಿ, ನಡುವ ಇವನ ಇರಲಿ. ಏನೋ ತಮ್ಮಾ, ನನ್ನ ಟ್ರಾಲಿ ಮ್ಯಾಲ ಕುಂದರತೀಯಂತ? ಹುಷಾರಪಾ, ನಮ್ಮ ಕಡೆ ರಸ್ತಾ ಭಾಳ ಕೆಟ್ಟ ಅದಾವ!"

ನಜೀಬ ನಕ್ಕ. ಅವನ ನಗು ಈಗೀಗ ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ಹಿಂದಿನ ತಗಡನ್ನು ಟ್ರಾಲಿಯಿಂದ ಬಿಚ್ಚಿ, ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಅಡ್ಡ ಮಲಗಿಸಿದರು. ಗಾಲಿಕುರ್ಚಿಯನ್ನು ಅದಕ್ಕೆ ತಾಗಿಸಿ ನಿಲ್ಲಿಸಿದರು. ವೆಲ್ಡಿಂಗಿನವರು ಗುರುತು ಹಾಕುವ ಬಳಪವನ್ನು ಬೆರಳ ನಡುವೆ ಇಟ್ಟರೆ ಜಾರಿಬಿತ್ತು. ಮೊಣಕೈ ತಗಡಿನ ಮೇಲೆ ಏರಲಿಲ್ಲ. ಅವನು ತಲೆ ಎತ್ತಿ ಪರದೆಯ ಕಡೆ ನೋಡಿದ.

"ಆಪಾ, ಬಾ."

ಹುಡುಗರನ್ನೆಲ್ಲ ಚಹಾಕ್ಕೆ ಕಳಿಸಿದ ಮೇಲೆ ಶಮೀನಾ ಬಂದಳು. ಅವನ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟಳು, ಮುಂಗೈಯನ್ನು ಇನ್ನೊಂದು ಕೈಯಿಂದ ಹಿಡಿದಳು. ಹಕ್ಕಿಯನ್ನು ಹಿಡಿದಷ್ಟೇ ತೂಕ. ಅವಳು ಬರೆಯಲಿಲ್ಲ, ಅವನು ಎಳೆದ ಕಡೆಗೆ ಹೋದಳು. 'ನ' ನಡುಗಿತು. 'ಜೀ'ಯ ದೀರ್ಘ ಎಲ್ಲೋ ಹೋಗಿ ಉಸಿರು ತೆಗೆದುಕೊಂಡು ತಿರುಗಿ ಬಂತು. 'ಬ' ಬರೆಯುವಷ್ಟರಲ್ಲಿ ಕೈ ಸೋತು, ಕಡೆಯ ಗೆರೆ ಕೆಳಗೆ ಜಾರಿತು.

ಅಯ್ಯಪ್ಪ ಬಂದು ನೋಡಿ, ಬ್ರಷ್ಷಿನ ಹಿಂಬದಿಯಿಂದ ತಲೆ ಕೆರೆದುಕೊಂಡ. "ಬ ಕೆಳಗ ಇಳದೈತ್ರಿ. ಸ್ವಲ್ಪ ನೆಟ್ಟಗ ಮಾಡ್ಲ್ಯಾ?"

"ನೀ ಮುಟ್ಟಬ್ಯಾಡ" ಎಂದರು ಚಾಂದಸಾಬರು. ಜೀವಮಾನದಲ್ಲಿ ಬ್ರಷ್ ಹಿಡಿಯದವರು, ಬಳಪದ ಗೆರೆಯ ಮೇಲೆಯೇ ಹಳದಿ ಬಣ್ಣವನ್ನು ಎಳೆದರು. ನಡುಗಿದ ಕಡೆ ನಡುಗಿಸಿ, ಜಾರಿದ ಕಡೆ ಜಾರಿಸಿ.

ವಿರೂಪಾಕ್ಷಪ್ಪ ಟ್ರಾಲಿ ಒಯ್ಯುವ ದಿನ ನಜೀಬನನ್ನು ರಸ್ತೆಯ ಅಂಚಿನವರೆಗೂ ತಂದಿದ್ದರು. ತನ್ನ ಹೆಸರು ಸಣ್ಣದಾಗುತ್ತ, ಕಾಲುವೆಯ ಸೇತುವೆ ಹತ್ತಿ, ಇಳಿದು ಮರೆಯಾಗುವುದನ್ನು ಅವನು ನೋಡಿದ. ಕೆರೆಯಬಾರದೆಂಬ ಮಾತನ್ನು ಮಾತ್ರ ವಿರೂಪಾಕ್ಷಪ್ಪನಿಗೆ ಯಾರೂ ಹೇಳಲಿಲ್ಲ. ಹೇಗೆ ಹೇಳುವುದು? ಕಣ್ಣೆದುರು ನಗುತ್ತ ಕುಳಿತ ಮಗನನ್ನು ಇಟ್ಟುಕೊಂಡು, ಇವನು ಸತ್ತ ಮೇಲೆ ಹೀಗೆ ಮಾಡ್ರಿ ಎಂದು ಯಾವ ತಂದೆ ಅಂದಾನು?

ಆಮೇಲೆ ವಿರೂಪಾಕ್ಷಪ್ಪನ ಫೋನುಗಳು ಬರತೊಡಗಿದವು. "ತಮ್ಮಾ, ನಿನ್ನೆ ಹುಣ್ಣಿಮಿಗೆ ಹುಲಿಗಿಗೆ ಹೋಗಿದ್ದಿ ನೀ. ಹೊಳಿ ದಂಡಿ ಮ್ಯಾಲ ನಿಂದರಿಸಿದ್ದೆ. ನಮ್ಮ ಹೆಣ್ಣಮಕ್ಕಳು ನಿನ್ನ ಹೆಸರಿಗೂ ಕುಂಕುಮ ಹಚ್ಯಾರ, ಸಿಟ್ಟ ಆಗಬ್ಯಾಡ ಮತ್ತ." ಇನ್ನೊಮ್ಮೆ, "ಕುಷ್ಟಗಿ ಸಂತಿಯೊಳಗ ಒಬ್ಬ ಕೇಳಿದ, ಯಾರಿವ ನಜೀಬ, ಅಕ್ಷರ ಯಾಕ ಕುಣೀತಾವು ಅಂತ. ಫೆರಾರಿ ಕಂಪನಿ ಮಾಲಕ ಅಂದೆ." ನಜೀಬ ಈ ಫೋನುಗಳನ್ನು ಸ್ಪೀಕರಿಗೆ ಹಾಕಿ ಎಲ್ಲರಿಗೂ ಕೇಳಿಸುತ್ತಿದ್ದ. ರಾತ್ರಿ ನಿದ್ದೆ ಬಾರದಿದ್ದರೆ, ಈಗ ಎಲ್ಲಿರಬಹುದು ಆಪಾ, ಎನ್ನುತ್ತಿದ್ದ. ಎಲ್ಲಿರತೈತಿ, ಅವರ ಕಣದಾಗ ನಿಂತಿರತೈತಿ, ಎನ್ನುತ್ತಿದ್ದಳು ಶಮೀನಾ. "ಹಂಗಾರ ಚುಕ್ಕಿ ನೋಡಾಕತ್ತಿರಬೇಕು" ಎಂದು ಅವನು ಕಣ್ಣು ಮುಚ್ಚುತ್ತಿದ್ದ.

ಚಳಿಗಾಲದಲ್ಲಿ ಕಫ ಎದೆಗೆ ಇಳಿಯಿತು. ಕೆಮ್ಮಿ ಹೊರಹಾಕುವ ಶಕ್ತಿ ಎದೆಗಿರಲಿಲ್ಲ. ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು ಊರಿನ ಡಾಕ್ಟರು. ಆಂಬುಲೆನ್ಸಿನಲ್ಲಿ ಶಮೀನಾ ಅವನ ತಲೆಯ ಹತ್ತಿರ ಕುಳಿತಿದ್ದಳು. ಗಿಣಿಗೇರಾದ ಕಾರ್ಖಾನೆಗಳ ಹೊಗೆ ಕಿಟಕಿಯಲ್ಲಿ ಕಂಡಾಗ, "ಬಂತು, ಇನ್ನ ಸ್ವಲ್ಪ" ಎಂದಳು. ಅವನು ಅವಳನ್ನೇ ನೋಡುತ್ತಿದ್ದ. ಕೊಪ್ಪಳ ಬಂದಾಗಲೂ ಹಾಗೆಯೇ ನೋಡುತ್ತಿದ್ದ; ಅವನ ಕಣ್ಣು ಮುಚ್ಚಿಸಿದವರು ಡಾಕ್ಟರು.

ಮೂರನೆಯ ದಿನದ ಜಿಯಾರತ್ ಮುಗಿದು ಬಂದವರೆಲ್ಲ ಹೋದ ಮೇಲೆ, ಮನೆಯೊಳಗೆ ಮಾಡಲು ಏನೂ ಉಳಿಯಲಿಲ್ಲ. ಶೆಡ್ಡು ಮುಚ್ಚಿತ್ತು. ಹಸನಬೀ ಮಗನ ಗಾಲಿಕುರ್ಚಿಯನ್ನು ಒರೆಸಿ ಒಂದು ಕಡೆ ಇಡುವಳು, ಮತ್ತೆ ತಂದು ಮೊದಲಿನ ಕಡೆಗೇ ಇಡುವಳು. ಚಾಂದಸಾಬರು ಒಂದೇ ಒಂದು ಮಾತಾಡಿದ್ದರು, ಅದೂ ಯಾರಿಗೆಂದು ಗೊತ್ತಿಲ್ಲದೆ: "ಅದು ತಿರಗತಿರತೈತಿ. ಅಷ್ಟರೆ ಐತಿ." ಶಮೀನಾ ಅದನ್ನು ಹಿಡಿದುಕೊಂಡಿದ್ದಳು. ಎಲ್ಲೋ ಒಂದು ರಸ್ತೆಯಲ್ಲಿ, ಶೇಂಗಾ ಹೇರಿಕೊಂಡು, ಆ ಜಾರಿದ 'ಬ' ಹೋಗುತ್ತಿದೆ.

ಒಂದು ಬೆಳಿಗ್ಗೆ ಟ್ರ್ಯಾಕ್ಟರೊಂದು ಬಂದು ಎಂಜಿನ್ ಗುರುಗುಡುತ್ತಲೇ ಶೆಡ್ಡಿನ ಮುಂದೆ ನಿಂತಿತು. ಹುಲಿಗಿಗೆ ಬಂದವನು ಹಾಗೇ ಗಂಗಾವತಿಗೆ ತಿರುಗಿಸಿದ್ದ ವಿರೂಪಾಕ್ಷಪ್ಪ. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಅವನ ದನಿ ಅವನದಾಗಿರಲಿಲ್ಲ.

"ಚಾಂದಸಾಬ, ನನಗ ಸುದ್ದಿ ತಡಾ ಗೊತ್ತಾತು. ಏನ ಹೇಳೂದು... ಒಂದು ಕೆಲಸ ಮಾತ್ರ ಮಾಡಿ ಬಂದೇನಿ. ನಿಮ್ಮ ಮಗನ ಹೆಸರ ನಿಮ್ಮ ಕೈಲೆ ಕೆರಸಬಾರದು. ಅದಕ ಕುಷ್ಟಗಿಯೊಳಗ ನಾನ ನಿಂತು ಕೆರಸೇನಿ. ಗುರತೂ ಉಳದಿಲ್ಲ. ತಾಯಿ ಕಣ್ಣಿಗೆ ಬೀಳಂಗಿಲ್ಲ."

ಚಾಂದಸಾಬರು ಟ್ರಾಲಿಯ ಹಿಂದೆ ಹೋದರು. ಎಡಕ್ಕೆ ವಿರೂಪಾಕ್ಷಪ್ಪನ ಒಬ್ಬ ಮೊಮ್ಮಗನ ಹೆಸರು, ಬಲಕ್ಕೆ ಮೊಮ್ಮಗಳದು. ನಡುವೆ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಆಮೇಲೆ ವಿರೂಪಾಕ್ಷಪ್ಪನ ಹೆಗಲ ಮೇಲೆ ಕೈಯಿಟ್ಟರು.

"ಛಲೋ ಮಾಡಿದ್ರಿ" ಎಂದರು.

ಅದಕ್ಕಿಂತ ಬೇರೆ ಏನು ಹೇಳುವುದಿತ್ತು? ತಾನು ಮಾಡಬೇಕಾಗಿದ್ದ ಕಟುಕ ಕೆಲಸವನ್ನು ಇನ್ನೊಬ್ಬ ತನ್ನ ಮೇಲೆ ಹಾಕಿಕೊಂಡು ಅಷ್ಟು ದೂರ ಬಂದಿದ್ದಾನೆ. ಅವನ ಕಣ್ಣುಗಳೂ ಕೆಂಪಾಗಿವೆ. ಪರದೆಯ ಹಿಂದೆ ಶಮೀನಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ತಮ್ಮ ಎರಡನೆಯ ಸಲ ಹೋದ ಹಾಗಾಯಿತು. ಈ ಸಲ ಕೈ ಹಿಡಿದು ಕೂರಲೂ ಆಗಲಿಲ್ಲ.

ಆಗ ಅವಳನ್ನು ಸರಿಸಿಕೊಂಡು ಹಸನಬೀ ಹೊರಗೆ ನಡೆದಳು. ಎಂದೂ ಗಿರಾಕಿಗಳ ಎದುರು ಶೆಡ್ಡಿಗೆ ಬಂದವಳಲ್ಲ ಅವಳು. ತಗಡಿನ ಮುಂದೆ ನಿಂತು, ಬೆಳ್ಳಗಿದ್ದ ಜಾಗವನ್ನು ಅಂಗೈಯಿಂದ ಸವರಿದಳು.

"ಯಣ್ಣಾ, ನನ್ನ ಕಣ್ಣಿಗೆ ಬೀಳಬಾರದಂತ ಕೆರಸೀರಿ. ಇನ್ನ ನಾ ಅವನ್ನ ಎಲ್ಲಿ ನೋಡ್ಲಿ?"

ಹಸನಬೀ ತಗಡಿನಿಂದ ಕೈ ತೆಗೆಯದೆ ಮುಂದುವರಿಸಿದಳು.

"ಅವ ಹೇಳತಿದ್ದ. ಅಲ್ಲಿ ಯಾವಕ್ಯೋ ಒಬ್ಬಾಕಿ, ತನ್ನ ಸತ್ತ ಮಗನ ಕುದರಿ ತಾನ ತಂದು ಕೊಟ್ಟಳಂತ, ಗಾಡಿಗೆ ಹಾಕ್ಕೋರಿ ಅಂತ. ನಾ ಅವಗ ಸುಮ್ನಿರು ಅಂದೆ. ಸುಮ್ನಾದ."

ಆಮೇಲೆ ಆ ಮಾತೂ ಈ ಮಾತೂ ಸೇರಿ, ನಜೀಬ ತಂದೆಯನ್ನು ಏನು ಕೇಳಿಕೊಂಡಿದ್ದನೆಂದು ವಿರೂಪಾಕ್ಷಪ್ಪನಿಗೆ ತಿಳಿಯಿತು. ಅವನು ಬೇವಿನ ಬುಡದಲ್ಲಿ ಕುಸಿದು ಕುಳಿತ. "ನನಗ ಒಂದು ಮಾತ ಹೇಳಬಾರದಾಗಿತ್ತನ್ರಿ, ಒಂದು ಮಾತ..." ಎಂದು ರುಮಾಲಿನಲ್ಲಿ ಮುಖ ಮುಚ್ಚಿಕೊಂಡ.

ಅಯ್ಯಪ್ಪನನ್ನೂ ಹುಡುಗರನ್ನೂ ಕರೆಸಿದರು. ಅಯ್ಯಪ್ಪನ ಫೋನಿನಲ್ಲಿ ಆ ತಗಡಿನ ಚಿತ್ರವಿತ್ತು. ಅದನ್ನು ಎತ್ತಿ ಹಿಡಿದ. ಚಾಂದಸಾಬರು ಬಳಪ ತೆಗೆದುಕೊಂಡು, ಚಿತ್ರ ನೋಡಿ ನೋಡಿ ಬರೆದರು. ಹೆಸರು ಬಂತು. ಆದರೆ ಅದು ನಲವತ್ತು ವರ್ಷ ಕಬ್ಬಿಣದ ಮೇಲೆ ಗೆರೆ ಎಳೆದ ಕೈ. ನಡುಗಿಸಿದರೆ ನಡುಗಿಸಿದ್ದು ಕಾಣುತ್ತಿತ್ತು. ಅಂಗಿಯ ತೋಳಿನಿಂದ ಒರೆಸಿದರು. ಮತ್ತೆ ಬರೆದರು. ಮತ್ತೆ ಒರೆಸಿದರು.

"ಇವು ನನ್ನ ಅಕ್ಷರ ಆಗ್ತಾವು" ಎಂದರು.

ಪರದೆ ಅಲುಗಿತು. ವೆಲ್ಡಿಂಗ್ ಹುಡುಗರು, ಅಯ್ಯಪ್ಪ, ವಿರೂಪಾಕ್ಷಪ್ಪನ ಜೊತೆ ಬಂದವರು, ಓಣಿಯ ನಾಲ್ಕು ಜನ, ಎಲ್ಲರೂ ಇದ್ದರು. ಶಮೀನಾ ಅವರ ನಡುವೆ ನಡೆದು ಬಂದಳು.

"ಅಬ್ಬಾ, ನನಗ ಕೊಡ್ರಿ."

ಎಡ ಅಂಗೈಯನ್ನು ಅವಳು ಗಾಳಿಯಲ್ಲಿ ಚಾಚಿದಳು, ಅಂದು ಅವನ ಮೊಣಕೈ ಇದ್ದ ಎತ್ತರಕ್ಕೆ. ಬಲಗೈಯಲ್ಲಿ ಬಳಪವನ್ನು ಸಡಿಲವಾಗಿ ಹಿಡಿದಳು. ಫೋನನ್ನು ನೋಡಲಿಲ್ಲ. ಅಂದು ಅವನು ಎಳೆದ ಕಡೆಗೆ ಹೋಗಿದ್ದಳಲ್ಲ, ಹಾಗೆಯೇ ಹೋದಳು. 'ನ'ದ ಹತ್ತಿರ ಅವನಿಗೆ ಅವಸರವಿತ್ತು. 'ಜೀ'ಯ ಹತ್ತಿರ ಕೆಮ್ಮು ಬಂದಿತ್ತು, ತಡೆದಿದ್ದ, ಅವಳೂ ತಡೆದಳು. 'ಬ'ದ ಕಡೆಗೆ ಬಂದಾಗ ಆ ಹಕ್ಕಿಯಷ್ಟು ತೂಕ ಒಮ್ಮೆಲೇ ಅಂಗೈ ಮೇಲೆ ಇಳಿದದ್ದು ನೆನಪಾಗಿ, ಅವಳ ಕೈ ತಾನಾಗಿ ಜಾರಿತು.

ಪೂರ್ತಿ ಅವನದಲ್ಲ ಎಂದು ಶಮೀನಾಗೆ ಗೊತ್ತಿತ್ತು. 'ಜೀ' ಅವಳದೇ ಆಗಿತ್ತು. ಆದರೆ 'ಬ' ಅವನದು.

ಚಾಂದಸಾಬರು ಅಯ್ಯಪ್ಪನ ಬ್ರಷ್ಷನ್ನು ಮುಟ್ಟಲಿಲ್ಲ. ಸಣ್ಣ ವೆಲ್ಡಿಂಗ್ ರಾಡು ತೆಗೆದುಕೊಂಡರು, ಕಪ್ಪು ಗಾಜಿನ ಕನ್ನಡಿ ಮುಖಕ್ಕೆ ಹಿಡಿದರು. "ಎಲ್ಲಾರೂ ಆ ಕಡೆ ತಿರುಗ್ರಿ" ಎಂದರು. ಎಲ್ಲರೂ ತಿರುಗಿದರು. ಹಸನಬೀ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳೇ ಹೊರತು ಜಾಗ ಬಿಡಲಿಲ್ಲ. ನೀಲಿ ಬೆಳಕು ಬೇವಿನ ಎಲೆಗಳ ಮೇಲೆ, ಖಾಲಿ ಗಾಲಿಕುರ್ಚಿಯ ಮೇಲೆ ಬಿದ್ದು ಬಿದ್ದು ಆರಿತು. ಬಣ್ಣದಂತೆ ತಗಡಿನ ಮೇಲೆ ಕೂರುವುದಲ್ಲ ಇದು. ತಗಡಿನೊಳಗೇ ಕರಗಿ ಇಳಿಯುವುದು. ಇನ್ನು ಕೆರೆಯಬೇಕೆಂದರೆ ತಗಡನ್ನೇ ಕೊಯ್ಯಬೇಕು.

ಮುಗಿದ ಮೇಲೆ ಮೇಲಿನ ಕಿಟ್ಟವನ್ನು ಸಣ್ಣ ಸುತ್ತಿಗೆಯಿಂದ ಕುಟ್ಟಿ ಉದುರಿಸಿದರು. ನಜೀಬ. ಬೂದು ಬಣ್ಣದ ಉಬ್ಬು ಅಕ್ಷರ.

ಆ ಇಟಲಿಯ ಮುದುಕನೂ ಮಗ ಹೋದಮೇಲೆಯೇ ಬರೆದದ್ದು ಎಂದು ಶಮೀನಾಗೆ ಅನ್ನಿಸಿತು. ನಾವು ಮೊದಲೇ ಬರೆದಿದ್ದೆವು ನಜೀಬ, ನೀನು ನೋಡಿದ್ದಿ, ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿದಳು. ಅವನು ಉತ್ತರ ಕೊಡುವಷ್ಟು ಹೊತ್ತು ಅಭ್ಯಾಸಬಲದಿಂದ ಕಾದಳು.

ಹಸನಬೀ ಕೈ ಚಾಚಿದಳು.

"ತಡಿ, ಸುಡತೈತಿ" ಎಂದರು ಚಾಂದಸಾಬರು. "ಆರಲಿ."

ವಿರೂಪಾಕ್ಷಪ್ಪ ಎದ್ದು ಹೋಗಿ, ಅಲ್ಲಿಯವರೆಗೂ ಗುರುಗುಡುತ್ತಿದ್ದ ಟ್ರ್ಯಾಕ್ಟರಿನ ಎಂಜಿನ್ ಬಂದ್ ಮಾಡಿದ. ಹನುಮಸಾಗರ ದೂರ, ಹೊತ್ತು ಏರುತ್ತಿತ್ತು. ಯಾರೂ ಅವಸರ ಮಾಡಲಿಲ್ಲ. ಹಸನಬೀ ತಗಡಿನ ಪಕ್ಕ ನೆಲಕ್ಕೆ ಕುಳಿತಳು. ಆಗಾಗ ಅಂಗೈಯನ್ನು ಅಕ್ಷರಗಳ ಹತ್ತಿರ ಒಯ್ದು, ಬಿಸಿ ನೋಡಿ, ಹಿಂದಕ್ಕೆ ತಂದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಜ್ವರ ಬಂದ ಮಗನ ಹಣೆ ನೋಡುವಾಗ ಅವಳು ಹೀಗೆಯೇ ಮಾಡುತ್ತಿದ್ದಳು.